ದೂರದಿಂದ ಬಂದವರ ಪೀಠ

ಸೆಪ್ಟೆಂಬರ್ ಮೊದಲ ವಾರ ಬೆಂಗಳೂರಿನ ಶಿವಾಜಿನಗರದ ಬಸ್ ನಿಲ್ದಾಣದಲ್ಲಿ ಇಳಿದರೆ ಯಾರನ್ನೂ ದಾರಿ ಕೇಳಬೇಕಿಲ್ಲ. ಕಾವಿ ಸೀರೆಯ ಹೆಂಗಸರು, ಕಾವಿ ಅಂಗಿಯ ಗಂಡಸರು, ಕಾವಿ ಲಂಗ ತೊಟ್ಟು ಅಮ್ಮನ ಸೆರಗು ಹಿಡಿದ ಮಕ್ಕಳು ಹೋಗುತ್ತಿರುತ್ತಾರೆ. ಅವರ ಹಿಂದೆ ಹೆಜ್ಜೆ ಹಾಕಿದರೆ ಸಾಕು. ರಸೆಲ್ ಮಾರ್ಕೆಟ್ಟಿನ ಕಡೆಯಿಂದ ಮೀನಿನ ವಾಸನೆ, ಕೊತ್ತಂಬರಿ ಸೊಪ್ಪಿನ ವಾಸನೆ, ಮಾಗಿದ ಹಣ್ಣಿನ ವಾಸನೆ ಒಂದರ ಹಿಂದೊಂದು ಮೂಗಿಗೆ ತಾಗುತ್ತವೆ. ಮಾತೆ ಮರಿಯಮ್ಮನ ಇಗರ್ಜಿ ಹತ್ತಿರವಾದಂತೆ ಅವೆಲ್ಲ ಹಿಂದೆ ಸರಿದು ಮಲ್ಲಿಗೆಯ ಕಂಪೂ ಕರಗಿದ ಮೇಣದ ಕಮಟೂ ಬೆರೆತು ಗಾಳಿ ದಪ್ಪವಾಗುತ್ತದೆ. ರಸ್ತೆಯ ಎರಡೂ ಬದಿಗೆ ಅಂಗಡಿಗಳು. ಮೊಳ ಹಾಕಿ ಹೂ ಅಳೆಯುವವರು, ಮಾರುದ್ದದ ಮೇಣದಬತ್ತಿಗಳನ್ನು ನಿಲ್ಲಿಸಿಟ್ಟುಕೊಂಡು ಕರೆಯುವವರು. ಒಂದು ತಟ್ಟೆಯಲ್ಲಿ ಮೇಣದ ಕೈ, ಮೇಣದ ಕಾಲು, ಅಂಗೈಯಗಲದ ಮೇಣದ ಮನೆ, ಬೆರಳುದ್ದದ ಮೇಣದ ಮಗು. ಮೊಣಕಾಲು ನೋವಿನವರು ಕಾಲು ಕೊಳ್ಳುತ್ತಾರೆ, ಬಾಡಿಗೆ ಮನೆಯವರು ಮನೆ ಕೊಳ್ಳುತ್ತಾರೆ, ಮದುವೆಯಾಗಿ ವರ್ಷಗಳು ಕಳೆದ ಜೋಡಿ ಅತ್ತಿತ್ತ ನೋಡಿ ಮಗುವನ್ನು ಎತ್ತಿಕೊಳ್ಳುತ್ತದೆ. ಕೊಳ್ಳುವವರಲ್ಲಿ ಬುರ್ಖಾ ತೊಟ್ಟವರೂ ಕುಂಕುಮ ಇಟ್ಟವರೂ ಇದ್ದಾರೆ. ಮಾರುವವನು ಯಾರನ್ನೂ ಜಾತಿ ಕೇಳುವುದಿಲ್ಲ, ಚಿಲ್ಲರೆ ಮಾತ್ರ ಕೇಳುತ್ತಾನೆ.

ಒಳಗೆ ಕಾಲಿಡಲು ಜಾಗವಿಲ್ಲ. ಒಂದು ಭಾಷೆಯ ಪೂಜೆ ಮುಗಿದು ಜನ ಹೊರಗೆ ಬರುವಷ್ಟರಲ್ಲೇ ಮುಂದಿನ ಭಾಷೆಯವರು ಬೆಂಚು ಹಿಡಿಯಲು ನುಗ್ಗುತ್ತಾರೆ. ತಮಿಳಿನ ಕೊನೆಯ ಹಾಡು ಇನ್ನೂ ಕಂಬಗಳ ನಡುವೆ ಸುತ್ತುತ್ತಿರುವಾಗ ಕನ್ನಡದವರು ಜಪಸರ ಆರಂಭಿಸಿಬಿಡುತ್ತಾರೆ. ಅದರ ಬೆನ್ನಿಗೆ ಇಂಗ್ಲಿಷಿನವರು ಕೈಗಡಿಯಾರ ನೋಡಿಕೊಳ್ಳುತ್ತಾ ಬಾಗಿಲಲ್ಲಿ ನಿಂತಿರುತ್ತಾರೆ. ಇಷ್ಟೆಲ್ಲ ಗದ್ದಲಕ್ಕೂ ಕಾರಣಳಾದ ಮಾತೆ ಮರಿಯಮ್ಮ ಸೀರೆ ಉಟ್ಟು, ಮಗುವನ್ನು ಎತ್ತಿಕೊಂಡು ನಿಂತಿದ್ದಾಳೆ. ಆಗಸ್ಟ್ 29ಕ್ಕೆ ಬಾವುಟ ಏರಿಸಿದಾಗ ತೊಡಗಿದ ಒಂಬತ್ತು ದಿನದ ಪ್ರಾರ್ಥನೆ ನೊವೆನಾ ಮುಗಿದು, ಸೆಪ್ಟೆಂಬರ್ 8ರ ಹಬ್ಬದ ಸಂಜೆ ತೇರು ಹೊರಡಬೇಕು. 160 ಅಡಿ ಎತ್ತರದ ಗೋಪುರವನ್ನು ಕತ್ತೆತ್ತಿ ನೋಡುವ ಪುರುಸೊತ್ತು ಆ ಹೊತ್ತಿನಲ್ಲಿ ಯಾರಿಗೂ ಇರುವುದಿಲ್ಲ.

ಈಗಿನ ಈ ಗೋಥಿಕ್ ಶೈಲಿಯ ಕಟ್ಟಡ 1882ರಲ್ಲಿ ಪ್ರತಿಷ್ಠೆಯಾದದ್ದು. ಕಟ್ಟಿಸಿದವರು ಕ್ಲೈನರ್ ಎಂಬ ಫ್ರೆಂಚ್ ಗುರು. ಮುಂದೆ ಅವರೇ ಬಿಷಪ್ಪರೂ ಆದರು. ಅದಕ್ಕೂ ಮುಂಚೆ ಇಲ್ಲಿದ್ದದ್ದು ಚಿಕ್ಕದೊಂದು ಪ್ರಾರ್ಥನಾಲಯ, ಸುತ್ತ ತಮಿಳು ಸೀಮೆಯಿಂದ ಬಂದು ಗದ್ದೆ ಮಾಡಿಕೊಂಡಿದ್ದ ಕ್ರೈಸ್ತ ಒಕ್ಕಲುಗಳ ಗುಡಿಸಲು. ಆ ಪ್ರಾರ್ಥನಾಲಯದ ಹಿಂದೆಯೂ ಒಬ್ಬ ಫ್ರೆಂಚರ ಹೆಸರಿದೆ: ಆಬೆ ದುಬೋಯಿ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದು, ಚದುರಿಹೋಗಿದ್ದ ಕ್ರೈಸ್ತರನ್ನು ಕೂಡಿಸಿದವರು. ಈ ನೆಲದ ಉಡುಗೆ ತೊಟ್ಟು, ಮಾಂಸ ಬಿಟ್ಟು, ಊರೂರು ತಿರುಗುತ್ತಿದ್ದ ಅವರನ್ನು ಜನ ದೊಡ್ಡಸ್ವಾಮಿ ಎಂದು ಕರೆದರು. ಹಾಸನದ ಹತ್ತಿರ ಸಾತಳ್ಳಿಯಲ್ಲಿ ಅವರು ಒಕ್ಕಲುಗಳನ್ನು ನೆಲೆ ನಿಲ್ಲಿಸಿದರು, ಸಿಡುಬಿಗೆ ಲಸಿಕೆ ಹಾಕಿಸಿದರು, ನಮ್ಮ ಆಚಾರ ವಿಚಾರಗಳ ಬಗ್ಗೆ ಇಂದಿಗೂ ಜನ ಓದಿ ಜಗಳವಾಡುವ ಪುಸ್ತಕ ಬರೆದರು. ಕೊನೆಗೆ 1823ರಲ್ಲಿ ಫ್ರಾನ್ಸಿಗೆ ಮರಳುವಾಗ ಈ ನಾಡಿನಲ್ಲಿ ಕ್ರೈಸ್ತಧರ್ಮ ಬೇರೂರುವುದು ಆಗದ ಮಾತು ಎಂದು ಅಚ್ಚು ಹಾಕಿಸಿಯೇ ಹೇಳಿದರು. ಅವರ ಪ್ರಾರ್ಥನಾಲಯದ ಜಾಗದಲ್ಲಿ ಎದ್ದ ಇಗರ್ಜಿಯನ್ನು ರೋಮ್ 1973ರಲ್ಲಿ ಬೆಸಿಲಿಕಾ ಪದವಿಗೇರಿಸಿತು.

ದುಬೋಯಿಗಿಂತ ಮೊದಲೂ ಕತೆಯಿದೆ. 17ನೇ ಶತಮಾನದ ನಡುವಿನಲ್ಲೇ ಇಟಲಿಯ ಜೆಸ್ವಿಟ್ ಪಾದ್ರಿ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಶನ್ನಿಗೆ ಅಡಿಪಾಯ ಹಾಕಿದ್ದರು. ಅವರ ನಂತರದ ಕೈಗಳು ಪ್ಯಾರಿಸ್ಸಿನ ವಿದೇಶಿ ಮಿಶನ್ ಸಂಸ್ಥೆಯವು. 1850ರಲ್ಲಿ ಮೈಸೂರು ಬೇರೆಯೇ ಆಡಳಿತ ಪ್ರದೇಶವಾಯಿತು, 1886ರಲ್ಲಿ ಧರ್ಮಕ್ಷೇತ್ರವಾಯಿತು. ಹೆಸರು ಮೈಸೂರಿನದು, ಬಿಷಪ್ಪರು ಇರುತ್ತಿದ್ದದ್ದು ಮಾತ್ರ ಬೆಂಗಳೂರಿನಲ್ಲಿ. ಶಾರ್ಬೊನೊ, ಶೆವಾಲಿಯೆ, ಕೊಆದು, ಕ್ಲೈನರ್, ಬಾಸ್ಲ್, ತೆಸಿಯೆ, ದೆಪಾತ್ಯೂರ್ ಎಂದು ಒಬ್ಬರಾದ ಮೇಲೊಬ್ಬರು ಬಂದರು. ಹಳ್ಳಿಯ ನಾಲಿಗೆಗೆ ಹೊರಳದ ಹೆಸರುಗಳಿವು. ಆದರೆ ಹಡಗಿಳಿದು ಬಂದವರು ಹಳ್ಳಿಯವರ ಪಾಪನಿವೇದನೆ ಕೇಳಬೇಕೆಂದರೆ ಹಳ್ಳಿಯ ಮಾತು ಬರಲೇಬೇಕಲ್ಲ. 19ನೇ ಶತಮಾನದ ನಡುವಿನಲ್ಲಿ ಬೆಂಗಳೂರಿನ ಮಿಶನ್ ಮುದ್ರಣಾಲಯದಿಂದ ಲ್ಯಾಟಿನ್ ಕನ್ನಡ ನಿಘಂಟು ಹೊರಬಂದದ್ದು ಈ ಒತ್ತಡದಿಂದಲೇ. 1882ರ ಸೇಂಟ್ ಜೋಸೆಫ್ಸ್ ಕಾಲೇಜು, 1886ರ ಸೇಂಟ್ ಮಾರ್ಥಾಸ್ ಆಸ್ಪತ್ರೆ ಆ ಕಾಲದವೇ.

ಇನ್ನು ಬಿಷಪ್ಪರ ಪೀಠ ಇರುವ ಕಡೆಗೆ, ಕೋಲ್ಸ್ ಪಾರ್ಕಿನತ್ತ ಹೊರಡೋಣ. ಕ್ಲೀವ್‌ಲ್ಯಾಂಡ್ ಟೌನಿನಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ಪ್ರಧಾನಾಲಯ. ಬೂದುಬಣ್ಣದ ಕಲ್ಲಿನ ಭಾರಿ ಕಟ್ಟಡ, 1932ರಲ್ಲಿ ಪ್ರತಿಷ್ಠೆಯಾದದ್ದು. ಶಿವಾಜಿನಗರದಲ್ಲಿ ಕಂಡ ನೂಕುನುಗ್ಗಲು ಇಲ್ಲಿಲ್ಲ. ವಾರದ ದಿನಗಳಲ್ಲಿ ಮಧ್ಯಾಹ್ನ ಒಳಹೊಕ್ಕರೆ ಬಿಸಿಲಿನಿಂದ ಬಂದ ಮೈ ಗಕ್ಕನೆ ತಣಿಯುತ್ತದೆ. ಎಲ್ಲೋ ಒಬ್ಬಾಕೆ ಬಕೆಟ್ಟಿನಲ್ಲಿ ಬಟ್ಟೆ ಹಿಂಡಿ ನೆಲ ಒರೆಸುವ ಸದ್ದು. ಬಲಿಪೀಠದ ಬಳಿ ಒಂದು ಕುರ್ಚಿ. ಸಾಮಾನ್ಯ ಗುರುಗಳು ಅದರಲ್ಲಿ ಕೂರುವಂತಿಲ್ಲ, ಬೆಂಗಳೂರಿನ ಮಹಾಧರ್ಮಾಧ್ಯಕ್ಷರಿಗೆ, ಅಂದರೆ ಆರ್ಚ್‌ಬಿಷಪ್ಪರಿಗೆ, ಮೀಸಲು. ಇಗರ್ಜಿಗೆ ಪ್ರಧಾನ ಎಂಬ ಪಟ್ಟ ಬಂದಿರುವುದೇ ಈ ಕುರ್ಚಿಯಿಂದ.

ಕುರ್ಚಿಯ ಅಧಿಕಾರ ಎಂಥದೆಂದು ತಿಳಿಯಬೇಕಾದರೆ ಪವಿತ್ರ ವಾರದಲ್ಲಿ ಎಣ್ಣೆ ಪವಿತ್ರೀಕರಿಸುವ ಪೂಜೆಯ ದಿನ ಬರಬೇಕು. ಅಂದು ಧರ್ಮಕ್ಷೇತ್ರದ ಗುರುಗಳೆಲ್ಲ ಬಿಳಿ ನಿಲುವಂಗಿ ತೊಟ್ಟು ಸಾಲಾಗಿ ಒಳಬರುತ್ತಾರೆ. ನಗರದ ಧರ್ಮಕೇಂದ್ರಗಳವರು, ಕೋಲಾರ, ತುಮಕೂರು, ಚಿಕ್ಕಬಳ್ಳಾಪುರ, ರಾಮನಗರದ ಕಡೆಯಿಂದ ನಸುಕಿಗೇ ಹೊರಟವರು, ಕೋಲೂರಿ ನಡೆಯುವ ಹಿರಿಯರು, ಕಳೆದ ವರ್ಷವಷ್ಟೇ ಗುರುದೀಕ್ಷೆ ಪಡೆದ ಹುಡುಗರು. ಗುರುದೀಕ್ಷೆಯಂದು ಕೊಟ್ಟ ಮಾತಿಗೆ ತಪ್ಪುವುದಿಲ್ಲವೆಂದು ಎಲ್ಲರೂ ಮಹಾಧರ್ಮಾಧ್ಯಕ್ಷರ ಎದುರು ಮತ್ತೊಮ್ಮೆ ಒಕ್ಕೊರಲಿನಿಂದ ಹೇಳುತ್ತಾರೆ. ಆಮೇಲೆ ಎಣ್ಣೆಯ ಪಾತ್ರೆಗಳು ಬರುತ್ತವೆ. ರೋಗಿಗಳ ಹಣೆಗೆ ಹಚ್ಚುವ ಎಣ್ಣೆ ಒಂದು, ದೀಕ್ಷಾಸ್ನಾನಕ್ಕೆ ಸಿದ್ಧರಾಗುವವರ ಎಣ್ಣೆ ಇನ್ನೊಂದು. ಮೂರನೆಯದಕ್ಕೆ ಸುಗಂಧದ ಅಂಟು ಬೆರೆಸಿ, ಪಾತ್ರೆಯ ಬಾಯಿಗೆ ಬಗ್ಗಿ ಉಸಿರು ಊದಿ ಪವಿತ್ರೀಕರಿಸುತ್ತಾರೆ. ಆಲಿವ್ ಎಣ್ಣೆಯ ಮೇಲೆ ಆ ಪರಿಮಳ ತೇಲಿ ಮುಂದಿನ ಬೆಂಚುಗಳವರೆಗೂ ಬರುತ್ತದೆ. ಪೂಜೆ ಮುಗಿದ ಮೇಲೆ ಅದೇ ಎಣ್ಣೆ ಪುಟ್ಟ ಬಾಟಲಿಗಳಿಗೆ ಬಿದ್ದು, ಮುಚ್ಚಳ ಬಿಗಿಸಿಕೊಂಡು, ಗುರುಗಳ ಚೀಲಗಳಲ್ಲಿ ಬಸ್ಸು ಬೈಕು ಹತ್ತುತ್ತದೆ. ವರ್ಷವಿಡೀ ಯಾವ ಹಳ್ಳಿಯಲ್ಲಿ ಯಾವ ಮಗುವಿನ ನೆತ್ತಿಗೆ ಹಚ್ಚಿದರೂ ಅದು ಇಲ್ಲಿಂದ ಹೋದ ಎಣ್ಣೆ.

ಆ ಕುರ್ಚಿಯ ಮೇಲೆ ಕೂತವರ ಸಾಲು ಉದ್ದವೇನಲ್ಲ. 1940ರ ಫೆಬ್ರವರಿ 13ರಂದು ಮೈಸೂರು ಧರ್ಮಕ್ಷೇತ್ರ ಎರಡಾಗಿ, ಬೆಂಗಳೂರು ಬೇರೆಯಾಯಿತು. ಮೈಸೂರಿನ ಬಿಷಪ್ಪರಾಗಿದ್ದ ದೆಪಾತ್ಯೂರ್ ಬೆಂಗಳೂರನ್ನು ಇಟ್ಟುಕೊಂಡರು; ಎರಡು ವರ್ಷಕ್ಕೆ ಅವರ ಕಾಲ ಮುಗಿಯಿತು. 1942ರಲ್ಲಿ ಗುಂಟೂರಿನಿಂದ ಥಾಮಸ್ ಪೋತಕಮೂರಿ ಬಂದರು. ಬ್ರಿಟಿಷರು ಇನ್ನೂ ಬೆಂಗಳೂರಿನ ದಂಡು ಪ್ರದೇಶದಲ್ಲಿದ್ದಾಗಲೇ ಈ ಪೀಠದಿಂದ ಐರೋಪ್ಯರ ಕಾಲ ಮುಗಿದಿತ್ತು. ಪೋತಕಮೂರಿಯವರ ಕಾಲದಲ್ಲೇ, 1953ರ ಸೆಪ್ಟೆಂಬರ್ 19ರಂದು, ಬೆಂಗಳೂರು ಮಹಾಧರ್ಮಕ್ಷೇತ್ರವಾಯಿತು. ಕನ್ನಡನಾಡು ಒಂದಾಗಲು ಇನ್ನೂ ಮೂರು ವರ್ಷವಿತ್ತು. ಇಂದು ಮೈಸೂರು, ಮಂಗಳೂರು, ಬಳ್ಳಾರಿ, ಚಿಕ್ಕಮಗಳೂರು, ಕಾರವಾರ, ಶಿವಮೊಗ್ಗ, ಕಲಬುರಗಿ, ಉಡುಪಿ ಧರ್ಮಕ್ಷೇತ್ರಗಳು ಬೆಂಗಳೂರು ಮುಖ್ಯಸ್ಥಾನವಾದ ಪ್ರಾಂತ್ಯದೊಳಗಿವೆ. ಒಂದೊಂದಕ್ಕೂ ಅದರದೇ ಬಿಷಪ್ಪರಿದ್ದಾರೆ, ಅವರ ಮನೆಯ ಲೆಕ್ಕಕ್ಕೆ ಬೆಂಗಳೂರು ಕೈ ಹಾಕುವುದಿಲ್ಲ. ಹಿರಿಯಣ್ಣನ ಮರ್ಯಾದೆಯಷ್ಟೇ ಬೆಂಗಳೂರಿನದು. ಆ ಹಿರಿತನದ ಗುರುತಿಗೆ ರೋಮಿನಿಂದ ಕುರಿಯ ಉಣ್ಣೆಯ ಬಿಳಿ ಪಟ್ಟಿಯೊಂದು ಬರುತ್ತದೆ, ಮೇಲೆ ಕಪ್ಪು ಶಿಲುಬೆಗಳಿರುವ ಪಾಲಿಯಂ. ಮಹಾಧರ್ಮಾಧ್ಯಕ್ಷರು ದೊಡ್ಡ ಪೂಜೆಗಳಲ್ಲಿ ಅದನ್ನು ಹೆಗಲಿಗೆ ಹಾಕಿಕೊಳ್ಳುತ್ತಾರೆ.

1968ರಲ್ಲಿ ತಮಿಳುನಾಡಿನ ಡಿ. ಎಸ್. ಲೂರ್ದುಸ್ವಾಮಿ ಬಂದರು. ಮೂರೇ ವರ್ಷಕ್ಕೆ ರೋಮ್ ಕರೆಸಿಕೊಂಡಿತು, 1985ರಲ್ಲಿ ಕಾರ್ಡಿನಲ್ ಆದರು. ಅವರ ತಮ್ಮ ಅಮಲೋರ್‌ಪವದಾಸ್ 1967ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಬೈಬಲ್, ಧರ್ಮೋಪದೇಶ, ಪೂಜಾವಿಧಿಗಳ ರಾಷ್ಟ್ರೀಯ ಕೇಂದ್ರವು (ಎನ್‌ಬಿಸಿಎಲ್‌ಸಿ) ದೀಪ, ಆರತಿ, ನೆಲದ ಮೇಲಿನ ಪದ್ಮಾಸನವನ್ನು ಪೂಜೆಯೊಳಗೆ ತಂದು ದೇಶದ ಇಗರ್ಜಿಗಳಲ್ಲೆಲ್ಲ ಚರ್ಚೆ ಎಬ್ಬಿಸಿತು. 1971ರಿಂದ 1986ರವರೆಗೆ ಪಾಕ್ಯಂ ಆರೋಕ್ಯಸ್ವಾಮಿ. ಅಲ್ಲಿಂದಾಚೆಗೆ ಕುರ್ಚಿ ಕರಾವಳಿಯತ್ತ ತಿರುಗಿತು: ಚಿಕ್ಕಮಗಳೂರಿನ ಮೊದಲ ಬಿಷಪ್ಪರಾಗಿದ್ದ ಅಲ್ಫೋನ್ಸಸ್ ಮಥಾಯಸ್, ಶಿವಮೊಗ್ಗದ ಮೊದಲ ಬಿಷಪ್ಪರಾಗಿದ್ದ ಇಗ್ನೇಷಿಯಸ್ ಪಿಂಟೊ, ಬೆಳಗಾವಿಯಿಂದ 2004ರಲ್ಲಿ ಬಂದ ಬರ್ನಾರ್ಡ್ ಮೊರಾಸ್, ಅದೇ ಬೆಳಗಾವಿಯಿಂದ 2018ರಲ್ಲಿ ಬಂದ ಹೊನ್ನಾವರ ಸೀಮೆಯ ಪೀಟರ್ ಮಚಾದೊ. ಮಥಾಯಸ್ 2024ರಲ್ಲಿ, ತೊಂಬತ್ತಾರರ ವಯಸ್ಸಿನಲ್ಲಿ ತೀರಿಕೊಂಡರು. ಫ್ರೆಂಚು, ತೆಲುಗು, ತಮಿಳು, ಕೊಂಕಣಿ ಎಂದು ಕುರ್ಚಿಯ ಮನೆಮಾತು ಹೀಗೆ ಬದಲಾಗುತ್ತಾ ಬಂದಿದೆ. ಒಬ್ಬೊಬ್ಬರೂ ಬಂದ ಮೇಲೆ ಊರನ್ನು ಕಲಿತವರು.

ಕಲಿಯುವುದು ಸುಲಭವಾಗಿರಲಿಲ್ಲ. ಲ್ಯಾಟಿನ್ನಿನಲ್ಲಿ ಪೂಜೆ ನಡೆಯುತ್ತಿದ್ದಷ್ಟು ಕಾಲ ಅದು ಎಲ್ಲರಿಗೂ ಸಮನಾಗಿ ಅರ್ಥವಾಗುತ್ತಿರಲಿಲ್ಲ, ಜಗಳಕ್ಕೆ ಕಾರಣವೂ ಇರಲಿಲ್ಲ. 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆ ಜನರ ನುಡಿಯಲ್ಲೇ ಪೂಜೆಯಾಗಲಿ ಎಂದಿತು. ಯಾವ ಜನರ ನುಡಿ ಎಂಬ ಪ್ರಶ್ನೆ ಬೆಂಗಳೂರಿನಲ್ಲಿ ಆಗ ಎದ್ದು ನಿಂತಿತು. ದಂಡು ಪ್ರದೇಶದ ಬೆಂಚುಗಳಲ್ಲಿ ತಲೆಮಾರುಗಳಿಂದ ಕೂತಿದ್ದವರು ತಮಿಳರು. ನಾಡಿನ ಭಾಷೆ ಕನ್ನಡ, ಸುತ್ತಲ ಹಳ್ಳಿಗಳ ಕ್ರೈಸ್ತರ ಮನೆಮಾತೂ ಕನ್ನಡ. ಎಷ್ಟು ಪೂಜೆ ಯಾವ ಭಾಷೆಗೆ, ಕನ್ನಡದ ಗುರುಗಳೆಷ್ಟು ಮಂದಿ, ಹಾಡಿನ ಪುಸ್ತಕ ಯಾವುದು ಎಂದು ಮನವಿಗಳು ಬಂದವು, ಧರಣಿಗಳಾದವು. ಶಿವಾಜಿನಗರದಲ್ಲಿ ಕಂಡ ಸರದಿಯ ಪೂಜೆಗಳು ಈ ಹಗ್ಗಜಗ್ಗಾಟದ ನಡುವೆ ಕಂಡುಕೊಂಡ ದಾರಿ.

ಕನ್ನಡದ ಹಕ್ಕು ಕೇಳಿದ ದನಿಯ ಬಲ ಎಲ್ಲಿಯದು ಎಂದು ಕೇಳುವವರು ಕನಕಪುರ ದಾಟಿ ಹಾರೋಬೆಲೆಗೆ ಹೋಗಬೇಕು. ರಾಗಿ ಹೊಲ, ಹಿಪ್ಪುನೇರಳೆ ತೋಟ. ರೇಷ್ಮೆಹುಳ ಸಾಕುವ ಮನೆಗಳಲ್ಲಿ ಸೊಪ್ಪು ಮೇಯುವ ಸದ್ದು ಸಣ್ಣ ಮಳೆ ಬಿದ್ದಂತೆ ಕೇಳುತ್ತದೆ. ಹುಳ ಹಣ್ಣಾದ ದಿನ ಮನೆಮಂದಿಯೆಲ್ಲ ಕೂತು ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡುತ್ತಾರೆ. ಅಂದು ಸ್ವಾಮಿಯವರು ಬಂದರೂ ಕೈ ಬಿಡುವಿರುವುದಿಲ್ಲ. ಶುಭ ಶುಕ್ರವಾರದ ರಾತ್ರಿ ಮಾತ್ರ ಊರಿಗೆ ಊರೇ ಬಯಲಿನಲ್ಲಿರುತ್ತದೆ. ಯೇಸುವಿನ ಪಾಡನ್ನು ಇಲ್ಲಿನವರು ನೂರು ವರ್ಷಕ್ಕೂ ಮಿಕ್ಕಿ ನಾಟಕವಾಗಿ ಆಡುತ್ತಾ ಬಂದಿದ್ದಾರೆ. ಹಗಲು ಗುದ್ದಲಿ ಹಿಡಿದ ಕೈ ರಾತ್ರಿ ರೋಮನ್ ಸೈನಿಕನ ಈಟಿ ಹಿಡಿಯುತ್ತದೆ. ನೆಂಟರಿಷ್ಟರು, ಬೇರೆ ಮತದ ನೆರೆಯೂರಿನವರು ಜಮಖಾನ ಹಾಸಿ ಕೂರುತ್ತಾರೆ. ಕಡಲೆಕಾಯಿ ಮಾರುವವನು ಶಿಲುಬೆಯ ದೃಶ್ಯ ಬಂದಾಗ ಕೂಗು ನಿಲ್ಲಿಸುತ್ತಾನೆ. ಬಿಷಪ್ಪರುಗಳು ಬದಲಾದರೂ ಈ ಆಟಕ್ಕೆ ಮಾತು ಕಲಿಸಿದವರು ಊರಿನ ಹಿರಿಯರೇ. ಜ್ಞಾನೋಪದೇಶ ಹೇಳಿಕೊಟ್ಟ ಉಪದೇಶಿಗಳು, ಗುರುಗಳು ತಿಂಗಳಿಗೊಮ್ಮೆ ಬರುತ್ತಿದ್ದ ಕಾಲದಲ್ಲಿ ಭಾನುವಾರದ ಜಪ ನಡೆಸಿದ ಅಜ್ಜಿಯರು ಇವರ ಜೊತೆಗೆ ಸೇರುತ್ತಾರೆ. ಪೀಠಕ್ಕೆ ಬಂದವರೆಲ್ಲ ಕನ್ನಡ ಕಲಿಯಬೇಕಾಯಿತು ಎಂದರೆ ಕಲಿಸುವಷ್ಟು ಗಟ್ಟಿಯಾಗಿ ಕನ್ನಡ ಉಳಿಸಿಕೊಂಡವರು ಇಂಥ ಊರುಗಳವರು.

ಬಿಷಪ್ಪರಿಗೂ ನಿವೃತ್ತಿಯಿದೆ. ಎಪ್ಪತ್ತೈದು ತುಂಬಿದಾಗ ಪೋಪರಿಗೆ ರಾಜೀನಾಮೆ ಬರೆದು ಕಳಿಸಬೇಕು. ಒಪ್ಪುವುದು, ಕಾಯಿಸುವುದು ಅವರಿಗೆ ಬಿಟ್ಟದ್ದು. 1954ರಲ್ಲಿ ಹುಟ್ಟಿದ ಮಚಾದೊ ಅವರಿಗೆ ಆ ಗಡಿ 2029ರಲ್ಲಿ ಬರುತ್ತದೆ. ಆಗ ದೆಹಲಿಯಲ್ಲಿರುವ ಪೋಪರ ರಾಯಭಾರಿ ಬಿಷಪ್ಪರುಗಳನ್ನು, ಗುರುಗಳನ್ನು, ಕೆಲವು ಗೃಹಸ್ಥರನ್ನು ಗುಟ್ಟಾಗಿ ವಿಚಾರಿಸಿ ಮೂರು ಹೆಸರು ರೋಮಿಗೆ ಕಳಿಸುತ್ತಾರೆ. ಮಂದಿಗೆ ಇಲ್ಲಿ ಮತವಿಲ್ಲ. ಆದರೂ ಹೆಸರು ಹೊರಬಿದ್ದ ದಿನ ಪೂಜೆ ಮುಗಿಸಿ ಇಗರ್ಜಿಯ ಅಂಗಳದಲ್ಲಿ ನಿಂತವರು ಹೊಸಬರ ಓದು, ಪದವಿ, ರೋಮಿನಲ್ಲಿ ಕಳೆದ ವರ್ಷಗಳನ್ನೆಲ್ಲ ಬದಿಗಿಟ್ಟು ಮೊದಲು ಕೇಳುವುದು ಎರಡೇ ಮಾತು: ‘ಯಾವೂರಿನೋರಂತೆ? ಕನ್ನಡ ಬರ್ತದಾ?’