ಕಳಚೆಯ ಅಡಿಕೆ ಸಸಿ

2021ರ ಜುಲೈ ಮಳೆಗೆ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ಮನೆ, ತೋಟ, ರಸ್ತೆಗಳು ಮಣ್ಣುಪಾಲಾದವು. ಅದೇ ಮಳೆಗೆ ಗಂಗಾವಳಿ ಉಕ್ಕಿ ಗುಳ್ಳಾಪುರದ ಸೇತುವೆಯೂ ಕೊಚ್ಚಿಹೋಯಿತು.

ಕಳೆದ ರಜೆಯಲ್ಲಿ ಶಿರಸಿಯಿಂದ ಗೆಳೆಯನ ಬೈಕಿನಲ್ಲಿ ಕಳಚೆಗೆ ಹೋಗಿದ್ದೆ. ಸಿವಿಲ್ ಓದುತ್ತಿರುವ ನಾನು ಸಾಯಿಲ್ ಮೆಕ್ಯಾನಿಕ್ಸ್‌ನಲ್ಲಿ ಎರಡನೇ ಸಲ ಫೇಲಾಗಿ, ಬಿಇ ಬಿಟ್ಟೇಬಿಡೋಣ ಎಂದುಕೊಂಡಿದ್ದ ದಿನಗಳವು. ಮಣ್ಣಿನ ಕಣಗಳ ನಡುವೆ ನೀರು ತುಂಬಿ ಒತ್ತಡ ಹೆಚ್ಚಿದರೆ ಹಿಡಿತ ಸಡಿಲಾಗಿ ಇಳಿಜಾರು ಜಾರುತ್ತದೆ. ಬಾಯಿಪಾಠ ಮಾಡಿ ಮರೆತಿದ್ದ ಆ ಪಾಠ ಅಲ್ಲಿ ಕಣ್ಣೆದುರೇ ಇತ್ತು.

ಕುಸಿದ ಜಾಗದಿಂದಾಚೆ ಅಜ್ಜರೊಬ್ಬರು ಎಳೆಯ ಅಡಿಕೆ ಸಸಿಗಳ ಬುಡಕ್ಕೆ ಸೊಪ್ಪು ಹಾಕುತ್ತಿದ್ದರು. ‘ಮತ್ತೆ ಕುಸಿದರೆ ಎಂಬ ಹೆದರಿಕೆ ಇಲ್ಲವಾ ಅಜ್ಜಾ?’ ಎಂದೆ.

‘ಹೆದರಿಕೆ ಇದ್ದು ತಮಾ. ಮಳೆ ಜೋರಾದ್ರೆ ನಿದ್ದೆ ಬರ್ತಿಲ್ಲೆ. ಆದ್ರೆ ನೆಟ್ರೆ ಐದಾರು ವರ್ಷಕ್ಕೆ ಫಸಲು. ನೆಡದಿದ್ರೆ ಯಾವತ್ತೂ ಇಲ್ಲೆ’ ಎಂದರು.

ಹೆದರಿಕೆ ಹೋದ ಮೇಲೆ ನೆಡುತ್ತೇನೆಂದು ಅವರು ಕಾದು ಕೂತಿರಲಿಲ್ಲ. ಊರಿಗೆ ಬಂದವನೇ ಮೂರನೇ ಸಲ ಪರೀಕ್ಷಾ ಶುಲ್ಕ ಕಟ್ಟಿದೆ. ಪಾಸಾಗುತ್ತೇನೋ ಇಲ್ಲವೋ, ಹೆದರಿಕೆ ನನಗೂ ಇದೆ. ಆದರೆ ಈಗ ಆ ಪಾಠ ಓದುವಾಗ ಅಂಕಕ್ಕಿಂತ ಮೊದಲು ಆ ಗುಡ್ಡ, ಆ ಸಸಿಗಳು ನೆನಪಾಗುತ್ತವೆ.