ಅಂಗೈಯಗಲದ ಆಕಾಶ

ದಾಸವಾಳದ ಎಲೆಯ ಮೇಲೆ ನೆಗೆಯುವ ಜೇಡವೊಂದು ಕೂತಿದೆ. ಐದಾರು ಮಿಲಿಮೀಟರ್ ಉದ್ದ. ಬರಿಗಣ್ಣಿಗೆ ಬರೀ ಕಂದು ಚುಕ್ಕೆ. ಮ್ಯಾಕ್ರೊ ಲೆನ್ಸ್ ಹಾಕಿ, ಕ್ಯಾಮೆರಾದಿಂದ ಬಿಡಿಸಿದ ಫ್ಲ್ಯಾಶನ್ನು ಅದರ ನೆತ್ತಿಯ ಹತ್ತಿರ ಹಿಡಿದು ಒಮ್ಮೆ ಕ್ಲಿಕ್ಕಿಸಿ ನೋಡಿ! ಎಂಟು ಕಣ್ಣುಗಳಲ್ಲಿ ನಾಲ್ಕು ಎದುರಿಗೇ ಸಾಲಾಗಿ ನಿಂತು ನಿಮ್ಮನ್ನು ದಿಟ್ಟಿಸುತ್ತಿವೆ. ಕಣ್ಣಂಚಿಗೆ ಕಿತ್ತಳೆ ರೋಮ, ಬಾಯಿಯ ಪಕ್ಕ ಬಿಳಿಕೂದಲ ಪುಟ್ಟ ಕೈಗಳು. ಅಬ್ಬಬ್ಬಾ, ಇಷ್ಟೆಲ್ಲ ನಮ್ಮ ಅಂಗಳದಲ್ಲೇ ಇತ್ತೇ!

ಬರೀ ಹಗಲ ಬೆಳಕಿಗೆ ಇದು ಸುಲಭಕ್ಕೆ ದಕ್ಕುವುದಿಲ್ಲ. ಜೀವಿ ತನ್ನ ನಿಜಗಾತ್ರದಲ್ಲೇ ಸೆನ್ಸರ್ ಮೇಲೆ ಮೂಡುವಷ್ಟು ಹತ್ತಿರ ಹೋದರೆ ಲೆನ್ಸಿನ ಕಿಂಡಿ ಕಿರಿದಾದ ಎಫ್/11ರಲ್ಲೂ ಸ್ಫುಟವಾಗಿ ಕಾಣುವ ಪದರ ಒಂದು ಮಿಲಿಮೀಟರಿನ ಆಸುಪಾಸು. ಸಾಲದ್ದಕ್ಕೆ ಒಳಗೆ ಬರುವ ಬೆಳಕು ಎಫ್/22ರಷ್ಟಕ್ಕೆ ಇಳಿದಿರುತ್ತದೆ. ಮಳೆಗಾಲದ ಮಲೆನಾಡಿನ ಮರದಡಿ ಶಟರ್ ನಿಧಾನ ಮಾಡಿದಿರೋ, ನಿಮ್ಮ ಉಸಿರಿಗೇ ಚಿತ್ರ ಕದಡುತ್ತದೆ.

ಫ್ಲ್ಯಾಶಿನ ಸೋಜಿಗ ಇರುವುದೇ ಇಲ್ಲಿ. ಅದರ ಶಕ್ತಿಯನ್ನು 1/32ಕ್ಕೆ ಇಳಿಸಿದರೆ ಬೆಳಕು ಮಂಕಾಗುವುದಿಲ್ಲ, ಬೇಗ ಆರುತ್ತದೆ! ಸೆಕೆಂಡಿನ ಹತ್ತು ಸಾವಿರದಲ್ಲೊಂದು ಪಾಲಿನ ಆಸುಪಾಸಿನಲ್ಲಿ ಮಿಂಚಿ ಮಾಯ. ಇನ್ನೂ ಇಳಿಸುತ್ತ ಹೋದರೆ, ಸೆಕೆಂಡಿಗೆ ಸುಮಾರು 230 ಸಲ ಬಡಿಯುವ ಜೇನ್ನೊಣದ ರೆಕ್ಕೆಯೂ ಗಾಳಿಯಲ್ಲಿ ನಿಂತೇಬಿಡುತ್ತದೆ. ಹಾಲಿನ ಹನಿ ಚಿಮ್ಮಿ ಕಿರೀಟವಾಗುವುದನ್ನು ಎಂಐಟಿಯ ಹೆರಾಲ್ಡ್ ಎಡ್ಜರ್ಟನ್ 1957ರಲ್ಲಿ ಹಿಡಿದದ್ದೂ ಇಂಥ ಮಿಂಚಿನಿಂದಲೇ.

ಆದರೆ ಬರಿಯ ಫ್ಲ್ಯಾಶ್ ಬಲು ಒರಟು. ಜೀರುಂಡೆಯ ಬೆನ್ನ ಹೊಳಪನ್ನೆಲ್ಲ ಒಂದು ಬಿಳಿ ಕಲೆ ನುಂಗಿಬಿಡುತ್ತದೆ. ನಡುವೆ ಟ್ರೇಸಿಂಗ್ ಪೇಪರ್ ಅಡ್ಡ ಹಿಡಿಯಿರಿ. ಬೆಳಕಿನ ಮೃದುತ್ವ ನಿಂತಿರುವುದು ಹುಳುವಿನ ಕಣ್ಣಿಗೆ ಆ ಹಾಳೆ ಎಷ್ಟು ದೊಡ್ಡದು ಎಂಬುದರ ಮೇಲೆ. ತೀರ ಹತ್ತಿರ ತಂದರೆ ಅಂಗೈಯಗಲದ ಕಾಗದವೇ ಅದಕ್ಕೆ ಮೋಡ ಕವಿದ ಇಡೀ ಆಕಾಶ! ಬೆನ್ನ ಮೇಲಿನ ಹಸಿರು, ನೇರಳೆ, ತಾಮ್ರ ಒಂದೊಂದಾಗಿ ಮೇಲೇಳುತ್ತವೆ. ದೂರ ಸರಿಸಿದಿರೋ ಅದೇ ಹಾಳೆ ಮತ್ತೆ ಚಿಕ್ಕದಾಗಿ ನೆರಳು ಮೊನಚಾಗುತ್ತದೆ. ನನ್ನ ಕೇಳಿದರೆ, ದುಬಾರಿ ಲೆನ್ಸಿಗಿಂತ ಮೊದಲು ಮನಸ್ಸಿಡಬೇಕಾದದ್ದು ಈ ಹಾಳೆಯ ಮೇಲೆ.

ಫ್ಲ್ಯಾಶಿನಿಂದ ದೂರ ಎರಡರಷ್ಟಾದರೆ ಅದರ ಬೆಳಕು ನಾಲ್ಕನೇ ಒಂದು ಪಾಲಿಗೆ ಕುಸಿಯುತ್ತದೆ. ನಡುಮಧ್ಯಾಹ್ನ ತೆಗೆದ ಚಿತ್ರದಲ್ಲೂ ಹಿನ್ನೆಲೆ ಕಗ್ಗತ್ತಲಾಗುವುದು ಅದಕ್ಕೇ. ಹಸಿರು ಬೇಕೆಂದರೆ ಹಿಂದೆ ಇನ್ನೊಂದು ಎಲೆ ಬಾಗಿಸಿಡಿ, ಸಾಕು.

ಈಗ ಫ್ಲ್ಯಾಶನ್ನು ಎಲೆಯ ಹಿಂದಕ್ಕೇ ಒಯ್ಯಿರಿ. ನರನರವೂ ಬೆಳಗುತ್ತದೆ, ಅಂಚು ಮೇಯುತ್ತಿರುವ ಎಳೆ ಕಂಬಳಿಹುಳುವಿನ ತೆಳುಚರ್ಮದೊಳಗೆ, ಅದು ಆಗಷ್ಟೇ ತಿಂದ ಹಸಿರು ಹರಿದುಹೋಗುವ ದಾರಿಯೂ ಕಾಣುತ್ತದೆ!