ನಿಮಗಿದು ಗೊತ್ತೇ? ಜಿಂಕೆಗೆ ಎಷ್ಟು ತೂಕದ ಗುಂಡು?

● ಬಂದೂಕಿನ ಗುಂಡನ್ನು ತೂಗುವುದು ಗ್ರಾಂ ಲೆಕ್ಕದಲ್ಲಲ್ಲ, ಗ್ರೇನ್ ಲೆಕ್ಕದಲ್ಲಿ. 7000 ಗ್ರೇನ್‌ಗೆ ಒಂದು ಪೌಂಡು. ಬ್ರಿಟಿಷರು ನಮ್ಮ ತೊಲವನ್ನು ನಿಗದಿ ಮಾಡಿದ್ದೂ 180 ಗ್ರೇನ್‌ಗೆ. 1835ರ ಕಂಪನಿ ಬೆಳ್ಳಿ ರೂಪಾಯಿಯ ತೂಕವೂ ಅದೇ. ಅಮೆರಿಕದಲ್ಲಿ ‘180 ಗ್ರೇನ್’ ಎಂದು ಬರೆದ ತೋಟಾ ಡಬ್ಬಿ ಕೊಂಡರೆ ಒಂದೊಂದು ಗುಂಡೂ ಒಂದು ತೊಲ!

● ಅಷ್ಟು ಭಾರ ಜಿಂಕೆಗೆ ಬೇಕಿಲ್ಲ. 1906ರಿಂದ ಬಳಕೆಯಲ್ಲಿರುವ ‘ಥರ್ಟಿ ಆಟ್ ಸಿಕ್ಸ್’ ತೋಟಾದಲ್ಲಿ ಅಲ್ಲಿನ ಬಿಳಿಬಾಲದ ಜಿಂಕೆಗೆ ಸಾಮಾನ್ಯವಾಗಿ 150 ಗ್ರೇನ್ ಸಾಕು. 180 ಏನಿದ್ದರೂ ಎಲ್ಕ್, ಮೂಸ್‌ನಂಥ ದೈತ್ಯರಿಗೆ. ಹಗುರ ಗುಂಡು ಸೆಕೆಂಡಿಗೆ ಸುಮಾರು 890 ಮೀಟರ್ ವೇಗದಲ್ಲಿ ಹೊರಟರೆ ಭಾರದ್ದು ಸುಮಾರು 820. ಶಕ್ತಿಯ ಲೆಕ್ಕದಲ್ಲಿ ವೇಗದ ವರ್ಗ ಬರುವುದರಿಂದ ನಳಿಗೆಯ ಬಾಯಲ್ಲಿ ಎರಡರ ಶಕ್ತಿಯೂ ಹೆಚ್ಚುಕಡಿಮೆ ಒಂದೇ. ಹೆಚ್ಚುವರಿ ಒದೆತ ಮಾತ್ರ ಹೊಡೆಯುವವನ ಭುಜಕ್ಕೆ.

● ಒಂದೇ ಅಳತೆಯ ನಳಿಗೆಗೆ ಭಾರದ ಗುಂಡು ಬೇಕೆಂದರೆ ಅದು ಉದ್ದವಾಗಲೇಬೇಕು. ಉದ್ದವಾದದ್ದು ಗಾಳಿಯಲ್ಲಿ ತೊನೆಯದಿರಲು ನಳಿಗೆಯೊಳಗಿನ ಸುರುಳಿಗೆರೆಗಳು ಬಿಗಿಯಾಗಿರಬೇಕು.

● ಸ್ಕಾಟ್ಲೆಂಡಿನಲ್ಲಿ ಗುಂಡಿನ ತೂಕ ಕಾನೂನಿನ ಮಾತು. ದೊಡ್ಡ ಜಿಂಕೆಗೆ ಕನಿಷ್ಠ 100 ಗ್ರೇನ್ ಎಂದು 1985ರ ಆದೇಶವಿತ್ತು. 2023ರಲ್ಲಿ ಅದು 80ಕ್ಕೆ ಇಳಿಯಿತು. ಸೀಸ ಬಿಟ್ಟು ತಾಮ್ರದ ಗುಂಡಿಗೆ ಹೊರಳುವವರಿಗೆ ಇದರಿಂದ ಅನುಕೂಲ: ತಾಮ್ರ ಸೀಸಕ್ಕಿಂತ ಹಗುರ, ಅದೇ ಗಾತ್ರಕ್ಕೆ ತೂಕ ಕಡಿಮೆ. ಕ್ಯಾಲಿಫೋರ್ನಿಯಾ ಅಂತೂ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡನ್ನೇ ನಿಷೇಧಿಸಿದೆ. ಸತ್ತ ಪ್ರಾಣಿಯೊಳಗಿನ ಸೀಸದ ಚೂರು ತಿಂದು ಅಲ್ಲಿನ ಕಾಂಡರ್ ರಣಹದ್ದುಗಳು ಸಾಯುತ್ತಿದ್ದವು.

● ಮೈಗೆ ಹೊಕ್ಕೊಡನೆ ಅರಳುವ ಗುಂಡನ್ನು ಯುದ್ಧದಲ್ಲಿ ಬಳಸಬಾರದೆಂದು 1899ರಲ್ಲೇ ಹೇಗ್‌ನಲ್ಲಿ ಘೋಷಣೆಯಾಯಿತು. ಅದಕ್ಕೆ ‘ದಮ್‌ದಮ್’ ಎಂಬ ಕುಖ್ಯಾತ ಹೆಸರು ಅಂಟಿದ್ದು ಕಲ್ಕತ್ತಾ ಪಕ್ಕದ ಅದೇ ಹೆಸರಿನ ಊರಿನ ಮದ್ದುಗುಂಡು ಕಾರ್ಖಾನೆಯಿಂದ. ಆದರೆ ಬ್ರಿಟನ್ನಿನಲ್ಲಿ ಜಿಂಕೆಗೆ ಅರಳುವ ಗುಂಡೇ ಕಡ್ಡಾಯ, ಪ್ರಾಣಿ ನರಳದೆ ಬೇಗ ಸಾಯಲಿ ಎಂದು. ಸೈನಿಕನಿಗೆ ಸಲ್ಲದ್ದು ಜಿಂಕೆಗೆ ಸಲ್ಲುತ್ತದೆ, ವಿಚಿತ್ರ ನ್ಯಾಯ!

● ನಮ್ಮಲ್ಲಿ ಈ ಗ್ರೇನ್ ಲೆಕ್ಕಕ್ಕೆ ಕೆಲಸವಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜಿಂಕೆ, ಕಡವೆ ಬೇಟೆ ಅಪರಾಧ. ಕೋವಿ ಪರವಾನಗಿಯಿಂದ ವಿನಾಯಿತಿ ಪಡೆದ ಕೊಡವರಿಗೂ ಇದರಲ್ಲಿ ರಿಯಾಯಿತಿ ಇಲ್ಲ. ತಮ್ಮ ಕೈಲ್‌ಪೊಳ್ದ್ ಹಬ್ಬದಲ್ಲಿ ಅವರು ಗುರಿ ಹಿಡಿಯುವುದು ತೆಂಗಿನಕಾಯಿಗೆ.